ಸೂಳೆಕೆರೆ ತುಂಬಿದೆ, ಗೊರವಕ್ಕೆ ಜಾಗವಿಲ್ಲ

ಚನ್ನಗಿರಿಯಿಂದ ಸೂಳೆಕೆರೆಗೆ ಹೋಗುವ ದಾರಿಯುದ್ದಕ್ಕೂ ಅಡಿಕೆ ಬೇಯಿಸುವ ಚೊಗರಿನ ವಾಸನೆ. ದೀಪಾವಳಿ ಹತ್ತಿರ ಬಂದಿದೆ, ಕೊಯ್ಲು ಜೋರಾಗಿದೆ. ನಾನು ಹೊರಟದ್ದು ವಲಸೆ ಹಕ್ಕಿ ನೋಡಲು. ಅದಕ್ಕೆ ಕರಾವಳಿಯವರಿಗೆ ಮರಳ ದಂಡೆಗಳಿವೆ. ದಾವಣಗೆರೆ ಜಿಲ್ಲೆಯವರಿಗೆ ಇರುವ ಕಡಲೆಂದರೆ ಈ ಕೆರೆಯೊಂದೇ.

ಏಷ್ಯಾದ ಎರಡನೇ ದೊಡ್ಡ ಕೆರೆ ಎಂದು ಎಲ್ಲರೂ ಹೇಳುತ್ತಾರೆ, ಅಳೆದವರು ಯಾರೋ. 11-12ನೇ ಶತಮಾನದಲ್ಲಿ ಶಾಂತವ್ವೆ ಎಂಬಾಕೆ ಕಟ್ಟಿಸಿದಳೆಂಬುದು ಐತಿಹ್ಯ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎದ್ದ ಏರಿ ಉದ್ದದಲ್ಲಿ ಸಣ್ಣದು, ದಪ್ಪದಲ್ಲಿ ದೈತ್ಯ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಭದ್ರಾ ನಾಲೆಯ ನೀರೂ ಸೇರುತ್ತದೆ. ಚಿತ್ರದುರ್ಗದವರು ಇಲ್ಲಿಯ ನೀರನ್ನೂ ಕುಡಿಯುತ್ತಾರೆ.

ಏರಿಯ ಕಲ್ಲಿನ ಮೇಲೆ ಒಂದು ಸಣ್ಣ ಗೊರವ ಹಕ್ಕಿ. ಎದೆಯ ಬಿಳುಪು ಭುಜದವರೆಗೆ ಏರಿದೆ. ಮೂರು ಹೆಜ್ಜೆ ಓಡಿ ನಿಂತು ಹಿಂಭಾಗವನ್ನು ಮೇಲೆ ಕೆಳಗೆ ಕುಲುಕುತ್ತದೆ. ಹಿಮಾಲಯದ ಆಚೀಚೆಯಿಂದ ಬಂದ ಜೀವಕ್ಕೆ ಇಳಿಯಲು ಸಿಕ್ಕಿದ್ದು ಈ ಕಲ್ಲು. ನೀರು ಅಂಚಿನವರೆಗೆ ನಿಂತಿದ್ದರಿಂದ ಹುಳ ಹೆಕ್ಕಲು ಕೆಸರೇ ಇಲ್ಲ. ನಡುನೀರಿನಲ್ಲಿ ನಾಮದಕೋಳಿಗಳ ಕಪ್ಪು ಚುಕ್ಕಿಗಳು. ಬೈನಾಕ್ಯುಲರ್ ಮರೆತು ಬಂದವರಿಗೆ ಅಷ್ಟೇ ದಕ್ಕುವುದು.

ಹರಿಗೋಲು ದಡಕ್ಕೆಳೆದು ಬಲೆ ಬಿಡಿಸುತ್ತಿದ್ದ ಹಿರಿಯ ಮೀನುಗಾರರಿಗೆ ಹಕ್ಕಿಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಬಲೆಯಿಂದ ಒಂದು ಜಿಲೇಬಿ ಮೀನು ಎತ್ತಿ ತೋರಿಸಿದರು, ಮೈಮೇಲೆ ಕೊಕ್ಕಿನ ಗಾಯ. “ನೀರುಕಾಗೆ ಕೆಲ್ಸ ನೋಡ್ರಿ ಸಾರ್. ನಾವು ರಾತ್ರಿಯೆಲ್ಲ ಬಲೆ ಬಿಡೋದು, ಅದು ಬೆಳಿಗ್ಗೆ ಬಂದು ಉಂಡು ಹೋಗೋದು.” ಬೈಗುಳ ಮುಗಿದ ಮೇಲೆ ಅದರ ಗುಣಗಾನವೂ ಅವರದೇ: ಮೀನು ಎಲ್ಲಿದೆ ಎಂದು ತಿಳಿಯುವುದು ನೀರುಕಾಗೆಯ ಹಿಂಡು ಮುಳುಗುವುದನ್ನು ನೋಡಿಯಂತೆ. ರೀವ ಹಕ್ಕಿ ತಲೆ ತಗ್ಗಿಸಿ ಸುತ್ತಿದರೆ ಸಣ್ಣ ಮೀನು ಮೇಲಿದೆ ಎಂದರ್ಥ. ಬಲೆ ಹೆಣೆಯುವುದನ್ನು ಮಕ್ಕಳು ಕಲಿಯಲಿಲ್ಲ, ಈಗ ನೈಲಾನ್ ಬಲೆ ಅಂಗಡಿಯಲ್ಲೇ ಸಿಗುತ್ತದೆ ಎಂಬ ಕಥೆಗೆ ಅರ್ಧ ಗಂಟೆ ಹೋಯಿತು.

ಊರವರ ದೂರು ಬೇರೆ. ದಾಖಲೆಯ 6,550 ಎಕರೆ ಕೆರೆ ಅಂಚಿನಿಂದ ಒಳಕ್ಕೆ ಕರಗುತ್ತಿದೆ, ನೀರು ಸರಿದಲ್ಲೆಲ್ಲ ಉಳುಮೆ ಬೀಳುತ್ತದೆ, ಆಮೇಲೆ ಅಡಿಕೆ ಸಸಿ ಏಳುತ್ತದೆ ಎನ್ನುತ್ತಾರೆ. ಕೆರೆ ಉಳಿಸಿ ಎನ್ನುವವರು ಹೂಳು ಮತ್ತು ಒತ್ತುವರಿ ಲೆಕ್ಕ ಹಾಕುತ್ತಾರೆ. ಹಕ್ಕಿಯ ಮಾತು ಯಾರ ಮನವಿಯಲ್ಲೂ ಬರುವುದಿಲ್ಲ. ಗೊರವಕ್ಕೆ ಬೇಕಿರುವುದು ಅದೇ ಅಂಚು: ಒಂದಿಂಚು ನೀರು, ನಾಲ್ಕು ಮಾರು ಕೆಸರು. ತುಂಬಿದಾಗ ಅದು ನೀರಿನಡಿ, ಇಳಿದಾಗ ನೇಗಿಲಿನಡಿ.

ಹೊರಡುವಾಗ ಮೀನುಗಾರರ ಸಲಹೆ: “ಬೇಸಿಗೆ ಬೆಳೆಗೆ ನೀರು ಬಿಟ್ಟ ಮೇಲೆ ಬರ್ರಿ, ಕೆಸರು ಕಾಣ್ತದೆ. ಆದ್ರೆ ಟ್ರ್ಯಾಕ್ಟರ್‌ಗಿಂತ ಮುಂಚೆ ಬರ್ಬೇಕು.”