ತೋಟದಲ್ಲಿ ಕಂಡ ಅಪರಿಚಿತ ಹುಳು: ಔಷಧಿ ಹೊಡೆಯುವ ಮೊದಲು ಗುರುತಿಸಿ

ಚಾತುರ್ಮಾಸದಲ್ಲಿ ಮುನಿಗಳು, ಮಾತಾಜಿಯವರು ಒಂದೇ ಊರಿನಲ್ಲಿ ನೆಲೆ ನಿಲ್ಲುವುದಕ್ಕೆ ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದೇ ಮುಖ್ಯ ಕಾರಣ. ಅದೇ ಜೀವರಾಶಿ ನಮ್ಮ ಹಿತ್ತಲಿಗೂ ತಾರಸಿಯ ಕುಂಡಗಳಿಗೂ ಬರುತ್ತದೆ. ಕರಿಬೇವಿನ ಎಲೆಯ ಮೇಲೆ, ದಾಸವಾಳದ ಕುಡಿಯಲ್ಲಿ ಹಿಂದೆಂದೂ ನೋಡದ ಹುಳು ಕಾಣುತ್ತದೆ. ಆಗ ಹೆಚ್ಚಿನವರು ಕೇಳುವುದು "ಇದಕ್ಕೆ ಏನು ಹೊಡೆಯಬೇಕು?" ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಇದು ಯಾವುದು, ಇಲ್ಲಿ ಏನು ಮಾಡುತ್ತಿದೆ?" ಎಂದು.

ಶ್ರಾವಕರಿಗೆ ಇದು ಬರೀ ತೋಟಗಾರಿಕೆಯ ಪ್ರಶ್ನೆಯಲ್ಲ. ಅಡುಗೆ, ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವ ಆರಂಭಿ ಹಿಂಸೆ ಬೇರೆ. ಎದುರಿಗಿರುವ ಜೀವವನ್ನು ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆ ಬೇರೆ.

ಇಂದ್ರಿಯಗಳ ಲೆಕ್ಕ, ಕಾಲುಗಳ ಲೆಕ್ಕ

ಆಚಾರ್ಯ ಉಮಾಸ್ವಾಮಿಯವರ ತತ್ತ್ವಾರ್ಥ ಸೂತ್ರದ ಎರಡನೆಯ ಅಧ್ಯಾಯವು ಕ್ರಿಮಿ, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯ ಹೆಚ್ಚಾಗುತ್ತಾ ಹೋಗುವುದನ್ನು ಹೇಳುತ್ತದೆ. ಕ್ರಿಮಿ ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ದುಂಬಿ ಚತುರಿಂದ್ರಿಯ. ಕೀಟಶಾಸ್ತ್ರ ಕಾಲು, ರೆಕ್ಕೆಗಳನ್ನು ಎಣಿಸುತ್ತದೆ. ಬೆಳೆದ ಕೀಟಕ್ಕೆ ಆರು ಕಾಲು. ಜೇಡಕ್ಕೆ ಎಂಟು, ಆದ್ದರಿಂದ ಅದು ಕೀಟವಲ್ಲ. ಜೇನುನೊಣಕ್ಕೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡು. ವಿಂಗಡಣೆಯ ದಾರಿ ಬೇರೆಬೇರೆಯಾದರೂ ಎರಡೂ ಜೀವವನ್ನು ಹತ್ತಿರದಿಂದ ನೋಡಲು ಕಲಿಸುತ್ತವೆ.

ಗುರುತಿಸುವ ಕ್ರಮ

ಮೊದಲು ಯಾವ ಗಿಡ, ಗಿಡದ ಯಾವ ಭಾಗ ಎಂದು ಗಮನಿಸಿ. ಅನೇಕ ಹುಳುಗಳು ಕೆಲವೇ ಜಾತಿಯ ಗಿಡ ತಿನ್ನುವುದರಿಂದ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅದು ಎಲೆ ತಿನ್ನುತ್ತಿದೆಯೋ, ರಸ ಹೀರುತ್ತಿದೆಯೋ, ಬೇರೆ ಕೀಟವನ್ನು ಹಿಡಿಯುತ್ತಿದೆಯೋ, ಸುಮ್ಮನೆ ಕುಳಿತಿದೆಯೋ ನೋಡಿ. ಎಲೆಯ ಕೆಳಭಾಗ ಮರೆಯಬೇಡಿ. ಪಕ್ಕದಲ್ಲಿ ಒಂದು ನಾಣ್ಯವನ್ನೋ ಬೆಂಕಿಕಡ್ಡಿಯನ್ನೋ ಇಟ್ಟು ಮೇಲಿನಿಂದ, ಬದಿಯಿಂದ ಫೋಟೋ ತೆಗೆದರೆ ಗಾತ್ರ ತಿಳಿಯುತ್ತದೆ. ಮರುದಿನ ಮತ್ತೆ ನೋಡಿ.

ಹೆಸರು ತಿಳಿಯಲು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ತಾಣಗಳಲ್ಲಿ ಫೋಟೋ ಹಾಕಬಹುದು. ಬಲ್ಲವರು ನೋಡಿ ತಿಳಿಸುತ್ತಾರೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಕೇಳಬಹುದು.

ತಪ್ಪು ತಿಳಿವಳಿಕೆಯಿಂದ ಸಾಯುವವು

ಗುಲಗಂಜಿ ಹುಳುವಿನ ಮರಿ: ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಹುಳುವನ್ನು ಮಕ್ಕಳೂ ಗುರುತಿಸುತ್ತಾರೆ. ಅದರ ಮರಿ ಮಾತ್ರ ಕಪ್ಪಗೆ, ಉದ್ದಕ್ಕೆ, ಹಳದಿ ಅಥವಾ ಕಿತ್ತಳೆ ಮಚ್ಚೆಗಳೊಂದಿಗೆ ಪುಟ್ಟ ಮೊಸಳೆಯಂತೆ ಕಾಣುತ್ತದೆ. ನೋಡಿದವರು ಹೆದರುತ್ತಾರೆ. ಅದು ಗಿಡ ತಿನ್ನಲು ಬಂದದ್ದಲ್ಲ, ಸಸ್ಯಹೇನು ತಿನ್ನಲು ಬಂದದ್ದು.

ಬಿಳಿ ಮೇಣ ಹೊದ್ದ ಹುಳು: ದಾಸವಾಳದ ಹಿಟ್ಟು ತಿಗಣೆಗಳ ನಡುವೆ ಅವುಗಳಂತೆಯೇ ಬೆಳ್ಳಗಿರುವ, ಆದರೆ ದೊಡ್ಡದಾದ, ಚುರುಕಾಗಿ ಓಡಾಡುವ ಹುಳು ಇದ್ದರೆ ಅದು ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿಯಾಗಿರಬಹುದು. ಇದರ ಆಹಾರ ಹಿಟ್ಟು ತಿಗಣೆ. ಆಸ್ಟ್ರೇಲಿಯಾ ಮೂಲದ ಈ ದುಂಬಿಯನ್ನು 1898ರಲ್ಲಿ ಭಾರತಕ್ಕೆ ತರಲಾಯಿತು.

ನಿಂಬೆ ಚಿಟ್ಟೆಯ ಹುಳು: ಕರಿಬೇವು, ನಿಂಬೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಇದರ ಎಳೆಯ ರೂಪ. ಬೆಳೆದಾಗ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಚಾಚಿ ವಾಸನೆ ಬಿಡುತ್ತದೆ. ಎಲೆ ತಿನ್ನುವುದು ನಿಜ. ಆದರೆ ಕೆಲವು ವಾರಗಳಲ್ಲಿ ಕೋಶ ಕಟ್ಟಿ ಚಿಟ್ಟೆಯಾಗುತ್ತದೆ, ಬಲಿತ ಗಿಡ ಮತ್ತೆ ಚಿಗುರುತ್ತದೆ.

ಎಲೆ ಕತ್ತರಿಸುವ ಜೇನು: ಗುಲಾಬಿ ಎಲೆಯ ಅಂಚನ್ನು ಕತ್ತರಿಯಿಂದ ಕತ್ತರಿಸಿದಂತೆ ಗುಂಡಗೆ ತೆಗೆದುಕೊಂಡು ಹೋಗುತ್ತದೆ. ಅದು ತಿನ್ನಲಿಕ್ಕಲ್ಲ, ಗೂಡಿನೊಳಗೆ ಹಾಸಲು. ಹೂವಿನ ಪರಾಗಸ್ಪರ್ಶವನ್ನೂ ಇದು ಮಾಡುತ್ತದೆ.

ಮುಟ್ಟದೆ ದೂರವಿಡಬೇಕಾದವು

ಕಂಬಳಿಹುಳುವಿನ ರೋಮ ತಗುಲಿದರೆ ತುರಿಕೆ, ದದ್ದು ಬರುತ್ತದೆ. ಒಣ ಎಲೆಯ ಮೇಲೆ ಹತ್ತಿಸಿ ಸಾಗಿಸಿ. ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಕಪ್ಪು ಮತ್ತು ಕಿತ್ತಳೆ ಪಟ್ಟಿಗಳ ಸಪೂರ ಪಿಡೆರಸ್ ದುಂಬಿ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಮೈಮೇಲೆ ಉಜ್ಜಿ ಕೊಂದರೆ ಅದರ ದೇಹದ ರಸದಿಂದ ಚರ್ಮ ಸುಟ್ಟಂತಾಗಿ ಗುಳ್ಳೆ ಏಳುತ್ತದೆ. ಊದಿ ಅಥವಾ ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಿ, ಆ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಇಲ್ಲಿ ಕೊಲ್ಲದಿರುವುದೇ ನಮಗೂ ಕ್ಷೇಮ.

ಸಾವಯವವೆಂದರೆ ಅಹಿಂಸೆಯಲ್ಲ

ಬೇವಿನ ಎಣ್ಣೆ, ಸೋಪು ನೀರು ರಾಸಾಯನಿಕ ಕೀಟನಾಶಕಗಳಲ್ಲ, ಆದ್ದರಿಂದ ದೋಷವಿಲ್ಲ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಬೇವಿನ ಅಂಶ ಹುಳು ತಿನ್ನುವುದನ್ನೂ ಬೆಳೆಯುವುದನ್ನೂ ತಡೆಯುತ್ತದೆ. ಸೋಪು ನೀರು ಮೆತ್ತನೆ ಮೈಯ ಕೀಟಗಳನ್ನು ನೇರವಾಗಿ ಕೊಲ್ಲುತ್ತದೆ. ಮಣ್ಣಿಗೂ ಮನೆಯವರಿಗೂ ಹಾನಿ ಕಡಿಮೆ ಎನ್ನುವುದು ಸರಿ, ಆದರೆ ಹುಳುವಿನ ಪಾಲಿಗೆ ಅದೂ ಔಷಧಿಯೇ. ಸಿಂಪಡಣೆಯಿಂದ ಸಸ್ಯಹೇನಿನ ಜೊತೆಗೆ ಗುಲಗಂಜಿ ಹುಳುವಿನ ಮರಿಗಳೂ ಸತ್ತರೆ, ಬೇಗ ಸಂತತಿ ಬೆಳೆಸುವ ಸಸ್ಯಹೇನೇ ಮೊದಲು ಮರಳಿ ಬರುತ್ತದೆ. ಮತ್ತೆ ಸಿಂಪಡಿಸಬೇಕಾಗುತ್ತದೆ.

ಬದಲಿಗೆ ಹೀಗೆ ಮಾಡಬಹುದು. ತರಕಾರಿ ಮಡಿಗಳಿಗೆ ಮೊದಲೇ ತೆಳು ಬಲೆ ಹೊದಿಸಿ, ಹೂ ಬಂದಾಗ ಪರಾಗಸ್ಪರ್ಶಕ್ಕಾಗಿ ತೆರೆಯಿರಿ. ಸಾರಜನಕದ ಗೊಬ್ಬರ ಅತಿಯಾದರೆ ಎಳೆ ಕುಡಿಗಳು ಹೆಚ್ಚಿ ಸಸ್ಯಹೇನು ಮುತ್ತುತ್ತದೆ, ಹಿತಮಿತವಾಗಿ ಹಾಕಿ. ಕುಡಿಯ ತುಂಬಾ ಸಸ್ಯಹೇನಿದ್ದರೆ ಆ ಕುಡಿಯನ್ನಷ್ಟೇ ಮೆಲ್ಲಗೆ ಕತ್ತರಿಸಿ, ದೂರದ ಅದೇ ಜಾತಿಯ ಗಿಡದ ಬುಡದಲ್ಲಿಡಿ. ಜಾಗವಿದ್ದರೆ ಚಿಟ್ಟೆಯ ಹುಳುಗಳಿಗೆಂದೇ ಒಂದು ಕರಿಬೇವಿನ ಗಿಡ ಬಿಡಿ. ಅಡುಗೆಯ ಗಿಡದಲ್ಲಿ ಕಂಡ ಹುಳುವನ್ನು ಎಲೆಸಮೇತ ಅಲ್ಲಿಗೆ ಸಾಗಿಸಿ.

ಕುಂಡ ಎತ್ತುವಾಗಲೂ ಎಚ್ಚರ ಬೇಕು. ಅದರ ಅಡಿಯಲ್ಲಿ ಎರೆಹುಳು, ಸಹಸ್ರಪದಿ, ಇರುವೆಗಳಿರುತ್ತವೆ. ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿಕೊಳ್ಳುವ ಆದಾನ ನಿಕ್ಷೇಪಣ ಸಮಿತಿ ಮುನಿಗಳಿಗೆ ವಿಧಿಸಿದ್ದು. ಗೃಹಸ್ಥರು ತಮ್ಮ ಶಕ್ತಿಯಿದ್ದಷ್ಟು ಅದನ್ನು ಪಾಲಿಸಲು ಹಿತ್ತಲು ಒಳ್ಳೆಯ ಜಾಗ. ಕುಂಡವನ್ನು ಸ್ವಲ್ಪ ವಾಲಿಸಿ, ಅಡಿಯ ಜೀವಗಳು ಸರಿದುಹೋಗಲು ಸಮಯ ಕೊಟ್ಟು, ನೋಡಿ ಇಳಿಸಿ.