ಗಾಜಿನಲ್ಲಿ ತೇಲುವ ಗಣಪತಿ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಬೇಕು. ಅಂಗಡಿಯವರು 4ಕೆ ತಗೊಳ್ಳಿ ಅಂತಾರೆ, ಮಗ 1080 ಸಾಕು ಅಂತಾನೆ. ಯಾವುದು ಸರಿ?’ ಜೊತೆಗೆ ಸ್ನೇಹಿತರೊಬ್ಬರ ಕಾರಿನ ಕ್ಯಾಮೆರಾ ಹಿಡಿದ ಒಂದು ಚಿತ್ರವನ್ನೂ ಕಳಿಸಿದ್ದಾರೆ. ಮುಂದೆ ಒಂದು ಲಾರಿ. ಅದರ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಸರಿಯಾಗಿ ಒಬ್ಬ ಗಣಪತಿ ಗಾಳಿಯಲ್ಲಿ ತೇಲುತ್ತಿದ್ದಾನೆ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಪುಟ್ಟ ಗಣಪತಿಯ ಪ್ರತಿಬಿಂಬ ಅದು. ಪತ್ರದ ಪ್ರಶ್ನೆಗಿಂತ ಚಿತ್ರದ ಪ್ರಶ್ನೆ ನನಗೆ ಹೆಚ್ಚು ರುಚಿಸಿತು. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಡ್ಯಾಶ್‌ಬೋರ್ಡಿಗೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ, ಓರೆಯಾಗಿ ನಿಂತ ಮುಂದಿನ ಗಾಜಿಗೆ ಬಡಿದು ಒಳಕ್ಕೇ ಮರಳುತ್ತದೆ. ನಮಗೂ ಅದು ಕಾಣುತ್ತದೆ, ಆದರೆ ನಾವು ಲೆಕ್ಕಕ್ಕಿಡುವುದಿಲ್ಲ. ನಮ್ಮ ಎರಡು ಕಣ್ಣು ದೂರದ ರಸ್ತೆಯ ಮೇಲೆ ನೆಟ್ಟಾಗ ಹತ್ತಿರದ್ದು ಮಸುಕಾಗುತ್ತದೆ. ಡ್ಯಾಶ್‌ಕ್ಯಾಮಿನದು ಒಂಟಿ ಕಣ್ಣು, ಬಟಾಣಿ ಗಾತ್ರದ ಮಸೂರ. ಅದಕ್ಕೆ ಮೊಳ ದೂರದ ಗಣಪತಿಯೂ ಫರ್ಲಾಂಗು ದೂರದ ಲಾರಿಯೂ ಹೆಚ್ಚುಕಡಿಮೆ ಒಂದೇ ಸ್ಪಷ್ಟ.

1921ರಲ್ಲಿ ಇಂಥದ್ದೇ ಒಂದು ಪ್ರತಿಫಲನ ಸಿ.ವಿ. ರಾಮನ್ ಅವರನ್ನು ಕಾಡಿತ್ತು. ಆಕ್ಸ್‌ಫರ್ಡಿನ ಸಮ್ಮೇಳನ ಮುಗಿಸಿ ಅವರು ಎಸ್.ಎಸ್. ನರ್ಕುಂಡಾ ಹಡಗಿನಲ್ಲಿ ಊರಿಗೆ ಮರಳುತ್ತಿದ್ದರು. ಕಡಲು ನೀಲಿಯಾಗಿ ಕಾಣುವುದು ಬಾನಿನ ನೀಲಿ ಅದರಲ್ಲಿ ಪ್ರತಿಫಲಿಸುವುದರಿಂದ ಎಂದು ಹೇಳಿದ್ದವರು ಸಾಮಾನ್ಯರಲ್ಲ, ಲಾರ್ಡ್ ರ‍್ಯಾಲೇ. ರಾಮನ್ ಬಳಿ ನಿಕಾಲ್ ಪಟ್ಟಕವಿತ್ತು. ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ದಾಟಿಸಿ ಉಳಿದದ್ದನ್ನು ತಡೆಯುವ ಹರಳು ಅದು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಮರಳುವ ಬೆಳಕೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಇದನ್ನು 1815ರ ಸುಮಾರಿಗೆ ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಜಾತ್ರೆಯಲ್ಲಿ ಮಕ್ಕಳು ತಿರುಗಿಸಿ ನೋಡುವ ಕೆಲಿಡೋಸ್ಕೋಪ್ ಕೂಡ ಅವರದೇ. ನೀರಿಗೆ ಆ ಕೋನ 53 ಡಿಗ್ರಿ, ಗಾಜಿಗೆ ಸುಮಾರು 56. ರಾಮನ್ ಆ ಕೋನದಲ್ಲಿ ಪಟ್ಟಕ ಹಿಡಿದು ತಿರುಗಿಸಿದರು. ಬಾನಿನ ಪ್ರತಿಬಿಂಬ ಅಳಿಸಿಹೋಯಿತು, ಕಡಲು ಮಾತ್ರ ಇನ್ನಷ್ಟು ಗಾಢ ನೀಲಿಯಾಗಿ ಉಳಿಯಿತು. ಹಾಗಾದರೆ ಆ ನೀಲಿ ನೀರಿನ ಅಣುಗಳೇ ಬೆಳಕನ್ನು ಚದುರಿಸಿ ಹೊಮ್ಮಿಸಿದ್ದು! ಬೊಂಬಾಯಿ ಬಂದರಿನಿಂದಲೇ ‘ನೇಚರ್’ ಪತ್ರಿಕೆಗೆ ಬರೆದು ಕಳಿಸಿದರು. ಆ ಜಾಡು ಹಿಡಿದು ಹೋದವರಿಗೆ 1928ರಲ್ಲಿ ಏನು ಸಿಕ್ಕಿತೆಂಬುದನ್ನು ಶಾಲಾ ಮಕ್ಕಳೂ ಬಲ್ಲರು.

ಅದೇ ಪಟ್ಟಕದ ಬಡ ತಮ್ಮ ಇವತ್ತು ಡ್ಯಾಶ್‌ಕ್ಯಾಮಿನ ಮುಂದೆ ಸಿಕ್ಕಿಸುವ ಪೋಲರೈಸರ್ ಫಿಲ್ಟರ್. ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಪರದೆ ನೋಡುತ್ತ ಅದರ ಬಳೆಯನ್ನು ಮೆಲ್ಲಗೆ ತಿರುಗಿಸಿ. ಒಂದು ಕಡೆ ಗಣಪತಿ ವಿಸರ್ಜನೆಯಾಗುತ್ತಾನೆ. ಗಾಜಿನ ಎಲ್ಲ ಭಾಗವೂ ಅದೇ ಕೋನದಲ್ಲಿರುವುದಿಲ್ಲವಾದ್ದರಿಂದ ಅಂಚಿನಲ್ಲಿ ಸ್ವಲ್ಪ ನೆರಳು ಉಳಿದೀತು. ಆದರೆ ಫಿಲ್ಟರು ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ರಾತ್ರಿ ಓಡಾಟ ಹೆಚ್ಚಿದ್ದರೆ ತೆಗೆದಿಡಿ. ಖರ್ಚೇ ಬೇಡವೆಂದರೆ ಹೊಳಪಿಲ್ಲದ ಒಂದು ಕಪ್ಪು ಬಟ್ಟೆ ಹಾಸಿ, ಗಣಪತಿಯನ್ನು ಗೇಣು ದೂರ ಸರಿಸಿ. ಸರ್ವಿಸ್‌ಗೆ ಬಿಟ್ಟಾಗ ಡ್ಯಾಶ್‌ಬೋರ್ಡಿಗೆ ಮಿರಿಮಿರಿ ಪಾಲಿಶ್ ಬಳಿಯುತ್ತಾರಲ್ಲ, ಅದನ್ನು ಬೇಡವೆನ್ನಿ.

ಇನ್ನು 4ಕೆ. ಇಲ್ಲಿ ಸ್ವಲ್ಪ ಗುಣಾಕಾರ, ಭಾಗಾಕಾರ ಮಾಡೋಣ. ಕಾರಿನ ನಂಬರ್ ಪ್ಲೇಟ್ 50 ಸೆಂಟಿಮೀಟರ್ ಅಗಲ, ಅದರಲ್ಲಿ ಹತ್ತು ಅಕ್ಷರ, ಅಂಕಿ. ಕ್ಯಾಮೆರಾ ಅಡ್ಡಡ್ಡಲಾಗಿ 120 ಡಿಗ್ರಿ ನೋಡುತ್ತದೆ ಎನ್ನಿ. 1080 ಕ್ಯಾಮೆರಾದಲ್ಲಿ ಅಡ್ಡಕ್ಕೆ 1920 ಚುಕ್ಕಿ, ಅಂದರೆ ಡಿಗ್ರಿಗೆ 16. ಹತ್ತು ಮೀಟರ್ ದೂರದ ಪ್ಲೇಟು ತೆಗೆದುಕೊಳ್ಳುವುದು ಮೂರು ಡಿಗ್ರಿಗೂ ಕಡಿಮೆ. ಸಿಗುವುದು 46 ಚುಕ್ಕಿ. ಒಂದು ಅಕ್ಷರಕ್ಕೆ ನಾಲ್ಕೋ ಐದೋ. ನಾಲ್ಕು ಚುಕ್ಕಿಯಲ್ಲಿ 8 ಯಾವುದು, ಬಿ ಯಾವುದು? 4ಕೆ ಆದರೆ ಒಂಬತ್ತು ಚುಕ್ಕಿ, ಓದಬಹುದು. ಅಂಗಡಿಯವರ ಮಾತು ಇಷ್ಟರಮಟ್ಟಿಗೆ ನಿಜ.

ಈ ಲೆಕ್ಕ ನಡೆಯುವುದು ಹಗಲಿನಲ್ಲಿ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಪಕ್ಕದಲ್ಲಿ ಅಡ್ಡ ಹಾಯುವ ಗಾಡಿಯ ವೇಗ ಗಂಟೆಗೆ 60 ಕಿಲೋಮೀಟರ್ ಇದ್ದರೆ, ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಅದು 33 ಸೆಂಟಿಮೀಟರ್ ಸರಿದಿರುತ್ತದೆ. ಹತ್ತು ಅಕ್ಷರವೂ ಕಲಸಿ ಒಂದೇ ಬಿಳಿ ಪಟ್ಟಿ. ಇನ್ನು ಎದುರಿನ ಪ್ಲೇಟು ಸಿಕ್ಕಿದರೂ ಅದು ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಹಾಳೆಯದು. ನಮ್ಮದೇ ಹೆಡ್‌ಲೈಟಿಗೆ ಬೆಳ್ಳಗೆ ಹೊತ್ತಿಕೊಳ್ಳುತ್ತದೆ. ಹೀಗಿರುವಾಗ ಅಷ್ಟೇ ಗಾತ್ರದ ಸೆನ್ಸರನ್ನು 83 ಲಕ್ಷ ಚುಕ್ಕಿಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಬರುವ ಬೆಳಕು ಇನ್ನೂ ಕಡಿಮೆ. ಕಡಿಮೆ ಚುಕ್ಕಿಯ ಒಳ್ಳೆಯ ಸೆನ್ಸರು ಕತ್ತಲಲ್ಲಿ ಅಗ್ಗದ 4ಕೆಯನ್ನು ಸೋಲಿಸುವುದು ಈ ಕಾರಣಕ್ಕೆ. ಎಷ್ಟೋ ಡಬ್ಬಿಗಳ ಮೇಲಿನ 4ಕೆ ಅಂತೂ ಬರೀ ಅಕ್ಷರ. ಒಳಗಿರುವುದು 20 ಲಕ್ಷ ಚುಕ್ಕಿಯ ಸೆನ್ಸರು, ಉಳಿದದ್ದನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಸಾರಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಬೇಳೆ ಹೆಚ್ಚುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದದ್ದು ಸೆನ್ಸರಿನ ಹೆಸರು. ಹೇಳಲಾರದಿದ್ದರೆ ನಿಮ್ಮ ಮಗ ಗೆದ್ದ.

ನಮ್ಮ ಭಾವನ ಕಾರಿನಲ್ಲಿ ಎರಡು ವರ್ಷದಿಂದ ಕ್ಯಾಮೆರಾ ಇತ್ತು. ಹಿಂದಿನಿಂದ ಬೈಕೊಂದು ಗುದ್ದಿದ ದಿನ ಹೆಮ್ಮೆಯಿಂದ ಕಾರ್ಡ್ ತೆಗೆದು ನೋಡಿದರೆ, ಕೊನೆಯ ಚಿತ್ರಣ ಏಳು ತಿಂಗಳ ಹಿಂದಿನ ಒಂದು ಮದುವೆ ಪ್ರಯಾಣ. ಅಷ್ಟು ದಿನವೂ ಕೆಂಪು ದೀಪ ಮಿಣುಕುತ್ತಲೇ ಇತ್ತು! 1980ರ ದಶಕದಲ್ಲಿ ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೋಕಾ ರೂಪಿಸಿದ ಫ್ಲ್ಯಾಶ್ ಮೆಮೊರಿಯ ಹುಟ್ಟುಗುಣ ಇದು. ಅಲ್ಲಿ ಬರೆಯುವುದೆಂದರೆ ನಿರೋಧಕ ಪದರದ ಆಚೆಗೆ ಎಲೆಕ್ಟ್ರಾನುಗಳನ್ನು ತಳ್ಳುವುದು, ಅಳಿಸುವುದೆಂದರೆ ಹಿಂದಕ್ಕೆ ಎಳೆಯುವುದು. ಪ್ರತಿ ಸಲವೂ ಪದರ ಚೂರು ಸವೆಯುತ್ತದೆ, ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೂತಾಗುವ ಹಾಗೆ. ಫೋನಿನ ಕಾರ್ಡು ತುಂಬುವುದಕ್ಕೆ ವರ್ಷ ಬೇಕಾದೀತು. ಸೆಕೆಂಡಿಗೆ 15 ಮೆಗಾಬಿಟ್ ಬರೆಯುವ ಡ್ಯಾಶ್‌ಕ್ಯಾಮ್ 64 ಜಿಬಿಯನ್ನು ಒಂಬತ್ತು ಗಂಟೆ ಚಿಲ್ಲರೆಯಲ್ಲಿ ತುಂಬಿ, ಹಳೆಯದನ್ನು ಅಳಿಸಿ ಮತ್ತೆ ಮೊದಲಿಂದ ಶುರುಮಾಡುತ್ತದೆ. ಇದಕ್ಕೆಂದೇ ‘ಹೈ ಎಂಡ್ಯೂರೆನ್ಸ್’ ಕಾರ್ಡುಗಳಿವೆ. ಭಾವ ಈಗ ತಿಂಗಳಿಗೊಮ್ಮೆ ಒಂದು ತುಣುಕು ತೆರೆದು ನೋಡುತ್ತಾರೆ.

ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಬಳಿ ಕೈಯಿಟ್ಟವರಿಗೆ ಮುಂದಿನ ಮಾತು ಬೇಗ ಹೊಳೆಯುತ್ತದೆ. ಅಪಘಾತದಲ್ಲಿ ವಿದ್ಯುತ್ ತಪ್ಪಿದರೂ ಕೊನೆಯ ಫೈಲು ಮುಚ್ಚುವಷ್ಟು ಶಕ್ತಿ ಕ್ಯಾಮೆರಾದೊಳಗೆ ಇರಬೇಕು. ಲಿಥಿಯಂ ಬ್ಯಾಟರಿಯಲ್ಲಿಟ್ಟರೆ ಆ ಕಾವಿಗೆ ಅದು ಉಬ್ಬಿಕೊಳ್ಳುತ್ತದೆ. ಸೂಪರ್ ಕೆಪಾಸಿಟರಿನಲ್ಲಿ ರಾಸಾಯನಿಕ ಕ್ರಿಯೆಯ ತಂಟೆ ಇಲ್ಲ, ಇಂಗಾಲದ ಮೇಲ್ಮೈಗೆ ಅಂಟಿದ ವಿದ್ಯುದಂಶ ಮಾತ್ರ. ಕೆಲವೇ ಸೆಕೆಂಡು ಬಾಳುತ್ತದೆ, ಬೇಕಾದದ್ದೂ ಅಷ್ಟೇ. ಅದಿರುವ ಕ್ಯಾಮೆರಾವನ್ನೇ ಕೊಳ್ಳಿ.

ಕೂರಿಸುವ ಜಾಗ ಒಳಗನ್ನಡಿಯ ಹಿಂದೆ, ವೈಪರ್ ಒರೆಸುವ ಹರವಿನೊಳಗೆ. ಕಾರು ನಿಂತಾಗಲೂ ಕಾವಲು ಬೇಕೆನ್ನುವವರು ಫ್ಯೂಸ್ ಬಾಕ್ಸಿನಿಂದ ವೈರು ಎಳೆಸುತ್ತಾರೆ. 5 ವ್ಯಾಟಿನ ಕ್ಯಾಮೆರಾ ದಿನಕ್ಕೆ ಹತ್ತು ಆಂಪಿಯರ್-ಗಂಟೆ ಕುಡಿಯುತ್ತದೆ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು. ಶುಕ್ರವಾರ ನಿಲ್ಲಿಸಿದ ಕಾರನ್ನು ಸೋಮವಾರ ತಳ್ಳಬೇಕಾದೀತು. ವೋಲ್ಟೇಜು 12ರ ಆಸುಪಾಸಿಗೆ ಇಳಿದೊಡನೆ ತಾನಾಗಿ ಕಡಿದುಕೊಳ್ಳುವ ಕಿಟ್ ಹಾಕಿಸಿ. ವೈರನ್ನು ಬಾಗಿಲ ಪಕ್ಕದ ಕಂಬದೊಳಗೆ ಇಳಿಸುವಾಗ ಎದುರೇ ನಿಂತಿರಿ. ಅನೇಕ ಹೊಸ ಕಾರುಗಳಲ್ಲಿ ಆ ಕಂಬದಿಂದಲೇ ಪರದೆಯ ಏರ್‌ಬ್ಯಾಗು ಬಿಚ್ಚಿಕೊಳ್ಳುತ್ತದೆ. ವೈರು ಅದರ ಹಿಂದೆ ಹೋಗಬೇಕು. ಮುಂದೆ ಹಾಯ್ದರೆ ಚೀಲ ಬಿಚ್ಚುವಾಗ ಅಡ್ಡ ಬರುತ್ತದೆ. ‘ಹಿಂದೆಯೋ ಮುಂದೆಯೋ’ ಎಂದು ಕೇಳಿ. ‘ಎಲ್ಲಾದರೂ ಏನೂ ಆಗಲ್ಲ ಸಾರ್’ ಎಂಬ ಉತ್ತರ ಬಂದರೆ ಕೀಲಿಕೈ ಇಸಿದುಕೊಂಡು ಬೇರೆ ಅಂಗಡಿ ನೋಡಿ.