ಕರಗದ ತಿನಿಸು: ಚೂಯಿಂಗ್ ಗಮ್‌ನ ರುಚಿ ಮತ್ತು ರಗಳೆ

ನೀವು ಕುಳಿತಿರುವ ಬೆಂಚಿನ ಹಲಗೆಯ ಅಡಿಗೆ ಒಮ್ಮೆ ಕೈ ಸವರಿ ನೋಡಿ. ಅಂಗಿಯ ಗುಂಡಿಯಷ್ಟು ದಪ್ಪದ, ಕಲ್ಲಿನಂತೆ ಗಟ್ಟಿಯಾದ ನಾಲ್ಕಾರು ಉಬ್ಬುಗಳು ಬೆರಳಿಗೆ ತಾಗಿದರೆ ಆಶ್ಚರ್ಯವಿಲ್ಲ. ನಿಮಗಿಂತ ಮೊದಲು ಅದೇ ಜಾಗದಲ್ಲಿ ಕುಳಿತಿದ್ದು, ಈಗ ಊರು ಬಿಟ್ಟು ನೌಕರಿಗೆ ಹೋಗಿರಬಹುದಾದ ಯಾರೋ ಉಳಿಸಿಹೋದ ಗುರುತು ಅದು. ಪುಸ್ತಕದಲ್ಲಿ ಅದರ ಹೆಸರು ಚೂಯಿಂಗ್ ಗಮ್. ನಮ್ಮ ಕಡೆಯ ಹುಡುಗರ ಬಾಯಲ್ಲಿ ‘ಚಿಂಗಮ್’. “ಏನ್ ಹಾಕ್ಕೊಂಡಿಯೋ ತಮ್ಮಾ ಬಾಯಾಗ? ಎದ್ದು ಹೋಗಿ ಉಗುಳಿ ಬಾ” ಎಂದು ಗುರುಗಳು ಗದರಿದಾಗ, ಎಲ್ಲರೆದುರು ಎದ್ದು ಹೋಗಲು ನಾಚಿ, ಮೆಲ್ಲನೆ ಹಲಗೆಯ ಅಡಿಗೆ ಒತ್ತಿದ್ದು. ನಾನೂ ಒತ್ತಿದ್ದೇನೆ. ಆದ್ದರಿಂದ ಈ ವಿಷಯವನ್ನು ಕೊಂಚ ಅಧಿಕಾರದಿಂದಲೇ ಹೇಳಬಲ್ಲೆ.

ಜಮಖಂಡಿ ತಾಲ್ಲೂಕಿನ ತುಬಚಿಯಂಥ ಊರಿಗೆ ಜಗಿಯುವುದೇನೂ ಹೊಸ ಸಂಗತಿಯಲ್ಲ. ಕೃಷ್ಣೆಯ ದಂಡೆಯ ಈ ಸೀಮೆ ಕಬ್ಬಿನ ಸೀಮೆ. ಕಬ್ಬಿನ ಗಣಿಕೆಯನ್ನು ಹಲ್ಲಿನಿಂದ ಸಿಗಿದು, ರಸ ಹೀರಿ, ಸಿಪ್ಪೆ ಉಗುಳುವ ವಿದ್ಯೆಯನ್ನು ಇಲ್ಲಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಸಂತೆಗೆ ಹೋದವರ ಕಿಸೆಯಲ್ಲಿ ಶೇಂಗಾ ಇರುತ್ತದೆ, ಪುಟಾಣಿ ಇರುತ್ತದೆ. ಊಟವಾದ ಮೇಲೆ ಹಿರಿಯರಿಗೆ ಎಲೆ-ಅಡಿಕೆ ಬೇಕು. ಇವೆಲ್ಲಕ್ಕೂ ಒಂದು ಕೊನೆ ಉಂಟು. ಶೇಂಗಾ ಹೊಟ್ಟೆಗೆ ಹೋಗುತ್ತದೆ, ಕಬ್ಬಿನ ಸಿಪ್ಪೆ ಒಣಗಿ ಮಣ್ಣಾಗುತ್ತದೆ. ಚಿಂಗಮ್ ಮಾತ್ರ ಮುಗಿಯುವುದೇ ಇಲ್ಲ. ಅದರ ಸೊಗಸೂ ಅದೇ, ಕಿರಿಕಿರಿಯೂ ಅದೇ.

ಏಕೆ ಮುಗಿಯುವುದಿಲ್ಲ? ಇದಕ್ಕೆ ಉತ್ತರ ಚಿಕ್ಕು ಗಿಡದಲ್ಲಿದೆ. ಸರಿಯಾಗಿ ಹಣ್ಣಾಗದ ಚಿಕ್ಕುವನ್ನು ಆತುರಪಟ್ಟು ಕಚ್ಚಿದಾಗ ತುಟಿಗೆ ಮೆತ್ತಿಕೊಳ್ಳುವ ಬಿಳಿಯ ಹಾಲು ನಿಮಗೆ ನೆನಪಿರಬೇಕು. ನೀರಿನಿಂದ ಎಷ್ಟು ತೊಳೆದರೂ ಅದು ಹೋಗದು. ಚಿಕ್ಕುವಿನ ತವರು ಮೆಕ್ಸಿಕೋದ ದಕ್ಷಿಣ ಭಾಗ ಮತ್ತು ಮಧ್ಯ ಅಮೆರಿಕ. ಅಲ್ಲಿಯ ಜನ ಈ ಮರದ ತೊಗಟೆಗೆ ಗೀರು ಹಾಕಿ, ಸುರಿದ ಹಾಲನ್ನು ಕುದಿಸಿ ಗಟ್ಟಿ ಮಾಡಿ ಜಗಿಯುತ್ತಿದ್ದರು. ಆ ವಸ್ತುವಿಗೆ ಚಿಕಲ್ ಎಂದು ಹೆಸರು. 16ನೆಯ ಶತಮಾನದಲ್ಲಿ ಸ್ಪೇನಿನ ಪಾದ್ರಿ ಸಹಗುನ್ ಮೆಕ್ಸಿಕೋದ ಅಜ್ಟೆಕ್ ಜನರ ರೀತಿನೀತಿಗಳನ್ನು ಬರೆದಿಟ್ಟಾಗ, ಯಾರು ಎಲ್ಲರೆದುರು ಚಿಕಲ್ ಜಗಿಯಬಹುದು, ಯಾರು ಜಗಿದರೆ ನಾಚಿಕೆಗೇಡು ಎಂಬುದನ್ನೂ ದಾಖಲಿಸಿದ್ದಾನೆ. ಗುರುಗಳು ಗದರುವ ಪದ್ಧತಿಗೆ ಹೀಗೆ ಸುಮಾರು 500 ವರ್ಷಗಳ ಇತಿಹಾಸ ಉಂಟೆಂದಾಯಿತು.

ಮೆಕ್ಸಿಕೋದಿಂದ ದೇಶಭ್ರಷ್ಟನಾಗಿ ನ್ಯೂಯಾರ್ಕಿಗೆ ಬಂದ ಅಲ್ಲಿಯ ಮಾಜಿ ಅಧ್ಯಕ್ಷ ಸಾಂತಾ ಅನಾ 1860ರ ದಶಕದಲ್ಲಿ ಚಿಕಲನ್ನು ತಂದು ಥಾಮಸ್ ಆಡಮ್ಸ್ ಎಂಬವನಿಗೆ ತೋರಿಸಿದ. ರಬ್ಬರಿಗೆ ಬದಲಾಗಿ ಇದನ್ನು ಬಳಸಬಹುದೇ ಎಂಬುದು ಅವರ ಲೆಕ್ಕಾಚಾರ. ಆ ಲೆಕ್ಕ ಕೈಗೂಡಲಿಲ್ಲ. ಉಳಿದ ಸರಕನ್ನು ಆಡಮ್ಸ್ ಜಗಿಯುವ ತುಂಡುಗಳಾಗಿ ಮಾರಲು ತೊಡಗಿದ. 1871ರಲ್ಲಿ ಅದನ್ನು ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಊದಿ ಗುಳ್ಳೆ ಮಾಡುವ ಬಬಲ್ ಗಮ್ ಬಂದದ್ದು 1928ರಲ್ಲಿ. ಫಿಲಡೆಲ್ಫಿಯಾದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ವಾಲ್ಟರ್ ಡೀಮರ್ ಅದನ್ನು ಕಂಡುಹಿಡಿದ. ಅಂದು ಕೈಗೆ ಸಿಕ್ಕದ್ದು ಗುಲಾಬಿ ಬಣ್ಣ ಒಂದೇ ಆದ್ದರಿಂದ ಬಬಲ್ ಗಮ್ ಇಂದಿಗೂ ಹೆಚ್ಚಾಗಿ ಗುಲಾಬಿ. ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಎನ್.ಪಿ. ಗಮ್ ಬಗ್ಗೆ ಮನೆಯ ಹಿರಿಯರನ್ನು ಕೇಳಿ. ಅವರ ಮುಖ ಅರಳೀತು.

ಎರಡನೆಯ ಮಹಾಯುದ್ಧದ ನಂತರ ಚಿಕಲ್ ಸಾಲದಾಯಿತು. ಈಗ ಬಹುತೇಕ ಗಮ್‌ಗಳ ತಿರುಳು ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್. ಅದರಲ್ಲಿ ಬಳಕೆಯಾಗುವ ಬ್ಯುಟೈಲ್ ರಬ್ಬರ್ ಸೈಕಲ್ಲಿನ ಟ್ಯೂಬಿನಲ್ಲಿಯೂ ಇರುತ್ತದೆ ಎಂದರೆ ಕೆಲವರಿಗೆ ಬಾಯಿ ಕಹಿಯಾಗಬಹುದು.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡಬಹುದು. ಅಮೀನಗಡದ ಕರದಂಟು ಯಾರಿಗೆ ಗೊತ್ತಿಲ್ಲ? ಕರಿದ ಅಂಟು, ಅದೇ ಕರದಂಟು. ಬಾಣಂತಿಗೆ ಕೊಡುವ ಅಂಟಿನ ಉಂಡೆಯಲ್ಲಿಯೂ ಅದೇ ಅಂಟು. ಗಿಡದಿಂದ ಒಸರಿದ ಈ ಅಂಟನ್ನು ತುಪ್ಪದಲ್ಲಿ ಹಾಕಿದರೆ ಅರಳಿನಂತೆ ಉಬ್ಬುತ್ತದೆ, ಬಾಯಲ್ಲಿಟ್ಟರೆ ಪುಡಿಯಾಗಿ ಕರಗುತ್ತದೆ. ಇದೂ ಗಿಡದ ಅಂಟು, ಚಿಕಲ್ ಕೂಡ ಗಿಡದ ಅಂಟು. ಹಾಗಾದರೆ ಒಂದು ಕರಗಿ ಇನ್ನೊಂದು ಕರಗದಿರುವುದೇಕೆ? ಕರದಂಟಿನ ಅಂಟು ಸಕ್ಕರೆಯ ಅಣುಗಳೇ ಸರಪಳಿಯಾಗಿ ಕೂಡಿದ ಪದಾರ್ಥ. ಅದಕ್ಕೆ ನೀರೆಂದರೆ ಪ್ರೀತಿ. ಚಿಕ್ಕುವಿನ ಹಾಲು ರಬ್ಬರಿನ ಜಾತಿ. ಅದಕ್ಕೆ ನೀರು ಸೇರದು, ಎಣ್ಣೆ ಸೇರುತ್ತದೆ. ನಮ್ಮ ಜೊಲ್ಲು ಹೆಚ್ಚಾಗಿ ನೀರು. ಆದ್ದರಿಂದ ಗಮ್‌ನಲ್ಲಿರುವ ಸಕ್ಕರೆ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ, ತಿರುಳು ಹಾಗೆಯೇ ಉಳಿಯುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು: ಗಮ್ ಜಗಿಯುತ್ತಿರುವಾಗ ಒಂದು ತುಂಡು ಚಾಕೊಲೇಟ್ ಸೇರಿಸಿ ಜಗಿಯಿರಿ. ಚಾಕೊಲೇಟಿನ ಕೊಬ್ಬು ತಿರುಳನ್ನು ಸೇರಿ, ಅಷ್ಟು ಹೊತ್ತು ಹಟ ಹಿಡಿದಿದ್ದ ಗಮ್ ಮೆತ್ತಗಾಗಿ ಚೂರುಚೂರಾಗುತ್ತದೆ.

ತಲೆಗೂದಲಿಗೆ ಗಮ್ ಅಂಟಿದಾಗ ಕತ್ತರಿ ಹುಡುಕುವ ಮೊದಲು ಇದೇ ತತ್ವವನ್ನು ನೆನಪಿಸಿಕೊಳ್ಳಿ. ಶೇಂಗಾ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ಬಿಡಿಸಿದರೆ ಜಾರಿ ಬರುತ್ತದೆ. ಬಟ್ಟೆಗೆ ಎಣ್ಣೆ ಹಚ್ಚಿದರೆ ಕಲೆಯಾದೀತು. ಅಲ್ಲಿ ಮಂಜುಗಡ್ಡೆ ಒತ್ತಿ ಹಿಡಿಯಬೇಕು. ಬಾಯಿಯ ಬಿಸಿಯಲ್ಲಿ ಮೆತ್ತಗಿರುವ ಪಾಲಿಮರ್ ತಂಪಿನಲ್ಲಿ ಬಿರುಸಾಗುತ್ತದೆ, ಕೆರೆದರೆ ಉದುರುತ್ತದೆ. ಬಸ್ಸಿನ ಸೀಟಿನಲ್ಲಿ ಕುಳಿತು ಎದ್ದಾಗ ಹೊಸ ಪ್ಯಾಂಟಿಗೆ ಯಾರದೋ ಗಮ್ ಹತ್ತಿಕೊಂಡು, ಅದೇ ಅವತಾರದಲ್ಲಿ ಸಂದರ್ಶನಕ್ಕೆ ಹೋದವನ ಸಂಕಟ ಅನುಭವಿಸಿದವರಿಗೇ ಗೊತ್ತು. ಸಿಂಗಪುರದಲ್ಲಿ ಈ ಸಂಕಟ ಸರ್ಕಾರದವರೆಗೂ ಮುಟ್ಟಿತು. ಹೊಸದಾಗಿ ಓಡತೊಡಗಿದ್ದ ಮೆಟ್ರೊ ರೈಲಿನ ಬಾಗಿಲುಗಳಿಗೆ ಕಿಡಿಗೇಡಿಗಳು ಗಮ್ ಅಂಟಿಸಿ, ಬಾಗಿಲು ಮುಚ್ಚದೆ ರೈಲು ನಿಲ್ಲುವಂತಾಯಿತು. 1992ರ ಜನವರಿಯಿಂದ ಅಲ್ಲಿ ಗಮ್‌ನ ಆಮದು ಮತ್ತು ಮಾರಾಟವನ್ನೇ ನಿಷೇಧಿಸಿದರು. 2004ರಲ್ಲಿ ಹಲ್ಲಿನ ಆರೋಗ್ಯಕ್ಕೆ ಮತ್ತು ಔಷಧಿಯಾಗಿ ಬಳಸುವ ಗಮ್‌ಗೆ ಮಾತ್ರ ಸಡಿಲಿಕೆ ಸಿಕ್ಕಿತು.

ಇಷ್ಟೆಲ್ಲ ರಗಳೆಯಿದ್ದರೂ ಜನ ಜಗಿಯುವುದೇಕೆ? ರುಚಿಗಾಗಿ ಎಂದರೆ ಅರ್ಧ ಸತ್ಯ. 1999ರಲ್ಲಿ ಪ್ರಕಟವಾದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ಪುದೀನದ ಗಮ್ ಜಗಿಯುವವರ ಮೂಗಿನಲ್ಲಿ ಪುದೀನದ ಪರಿಮಳ ಇನ್ನೂ ಇದ್ದಾಗಲೇ ಅವರು “ರುಚಿ ಕಡಿಮೆಯಾಯಿತು” ಎಂದರು. ಕಡಿಮೆಯಾಗಿದ್ದು ಸಕ್ಕರೆ ಮಾತ್ರ. ಸಿಹಿ ಹೋದೊಡನೆ ಪರಿಮಳವೂ ಹೋಯಿತೆಂದು ಮೆದುಳು ತೀರ್ಮಾನಿಸುತ್ತದೆ. ಆದರೂ ದವಡೆ ನಿಲ್ಲುವುದಿಲ್ಲ. ಹುಡುಗರು ಬೇಡುವುದು ಆ ಚಲನೆಯನ್ನೇ. ಪರೀಕ್ಷೆಯ ಹಿಂದಿನ ರಾತ್ರಿ, ಕ್ರಿಕೆಟ್ ಮೈದಾನದಲ್ಲಿ ಸರದಿ ಕಾಯುವಾಗ, ಬಸ್ ನಿಲ್ದಾಣದಲ್ಲಿ ಬಸ್ಸು ಬಾರದಿದ್ದಾಗ, ಬಾಯಿಗೊಂದು ಕೆಲಸ ಬೇಕಾಗುತ್ತದೆ.

ಗಮ್‌ನಿಂದ ಒಳ್ಳೆಯದೂ ಉಂಟು. ಸುಮ್ಮನಿರುವಾಗ ಬಾಯಲ್ಲಿ ನಿಮಿಷಕ್ಕೆ ಅರ್ಧ ಮಿಲಿಲೀಟರಿಗೂ ಕಡಿಮೆ ಜೊಲ್ಲು ಒಸರುತ್ತದೆ. ಗಮ್ ಜಗಿಯತೊಡಗಿದಾಗ ಅದು ಹಲವು ಪಟ್ಟು ಹೆಚ್ಚುತ್ತದೆ. ಜೊಲ್ಲು ಹಲ್ಲಿನ ಮೇಲಿನ ಆಮ್ಲವನ್ನು ತೊಳೆಯುವುದರಿಂದ, ಊಟದ ನಂತರ 20 ನಿಮಿಷ ಸಕ್ಕರೆಯಿಲ್ಲದ ಗಮ್ ಜಗಿದರೆ ಹುಳುಕು ಕಡಿಮೆಯಾಗುತ್ತದೆ. ಸಕ್ಕರೆಯಿಲ್ಲದ್ದು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಚಿಕ್ಕ ಅಂಗಡಿಗಳಲ್ಲಿ ಸಿಗುವ ಅಗ್ಗದ ಗಮ್‌ಗಳಲ್ಲಿ ಹೆಚ್ಚಿನವು ಸಕ್ಕರೆಯವೇ. ಫಿನ್ಲೆಂಡಿನ ತುರ್ಕು ನಗರದಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳು ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಹಲ್ಲಿಗೆ ಹಿತವೆಂದು ತೋರಿಸಿದವು. (ಮನುಷ್ಯರಿಗೆ ಹಿತವಾದ ಅದು ನಾಯಿಗೆ ವಿಷ. ಜಗಿದದ್ದನ್ನು ಅಂಗಳಕ್ಕೆ ಎಸೆಯುವವರು ಇದನ್ನು ಗಮನಿಸಬೇಕು.) ಇನ್ನು ನುಂಗಿದರೆ ಕರುಳಿಗೆ ಅಂಟುತ್ತದೆ ಎಂಬ ಹೆದರಿಕೆ ಸುಳ್ಳು. ಕರುಳಿನ ಒಳಗೋಡೆ ಸದಾ ಒದ್ದೆ, ಸದಾ ಜಾರು. ಹುಣಸೆ ಬೀಜ ಹೋಗುವ ದಾರಿಯಲ್ಲಿಯೇ ಗಮ್ ಕೂಡ ಹೋಗುತ್ತದೆ. ದಿನವೂ ಹಲವಾರು ನುಂಗುವ ಎಳೆಯ ಮಕ್ಕಳಿಗೆ ಮಾತ್ರ ಮಲಬದ್ಧತೆಯಾಗಿ ತೊಂದರೆಯಾದ ಉದಾಹರಣೆಗಳಿವೆ.

ಅತಿಯಾದರೆ ದವಡೆ ದೂರು ಕೊಡುತ್ತದೆ. 2013ರಲ್ಲಿ ಇಸ್ರೇಲಿನ ವೈದ್ಯರು, ಆಗಾಗ ತಲೆನೋವಿನಿಂದ ಬಳಲುತ್ತಿದ್ದ, ದಿನವೂ ಗಮ್ ಜಗಿಯುತ್ತಿದ್ದ 30 ಮಕ್ಕಳು ಮತ್ತು ಹದಿಹರೆಯದವರಿಗೆ ಒಂದು ತಿಂಗಳು ಗಮ್ ಬಿಡಲು ಹೇಳಿದರು. 19 ಮಂದಿಯ ತಲೆನೋವು ಪೂರ್ತಿ ಹೋಯಿತು, ಇನ್ನೂ 7 ಮಂದಿಗೆ ಕಡಿಮೆಯಾಯಿತು. ಸಣ್ಣ ಅಧ್ಯಯನವೇ ಹೌದು. ಆದರೂ ತಲೆನೋವಿನ ಗುಳಿಗೆ ನುಂಗುವ ಮೊದಲು ಈ ಖರ್ಚಿಲ್ಲದ ಚಿಕಿತ್ಸೆಯನ್ನು ಮಾಡಿ ನೋಡಬಹುದು.

ನನ್ನ ಕಳವಳ ಬೇರೆ. ಅಂಗಡಿಯಲ್ಲಿ ಗಮ್‌ನ ಡಬ್ಬಿ ಎಲ್ಲಿರುತ್ತದೆ ಗಮನಿಸಿದ್ದೀರಾ? ಅದರ ಮೇಲೆಯೇ, ತೋರಣದಂತೆ, ಸುವಾಸನೆಯ ಅಡಿಕೆಪುಡಿಯ, ಪಾನ್ ಮಸಾಲೆಯ, ತಂಬಾಕಿನ ಪಾಕೀಟುಗಳು ತೂಗುತ್ತಿರುತ್ತವೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿಯೇ ನಿಷೇಧವಾಯಿತು. ಆಮೇಲೆ ಮಸಾಲೆ ಒಂದು ಪಾಕೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬರತೊಡಗಿದವು. ಬಾಯಿಗೆ ಕೆಲಸ ಬೇಕೆಂದು ಚಿಂಗಮ್ ಕೊಳ್ಳುವ ಕೈ, ಗೆಳೆಯನೊಬ್ಬ “ಇದನ್ನೊಂದು ಸಲ ನೋಡಲೇ” ಎಂದಾಗ ಒಂದು ಗೇಣು ಮೇಲೇರಿದರೆ ಸಾಕು. ಗಮ್‌ನ ತಿರುಳು ನಿರಪಾಯಿ, ಅಡಿಕೆ ಹಾಗಲ್ಲ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ದಿನವೂ ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುನಾರಾಗಿ ಬಿಗಿಯುತ್ತಾ ಬರುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ತೆರೆಯಲು ಕಷ್ಟ. ಎಳೆಯ ವಯಸ್ಸಿನವರಲ್ಲಿಯೂ ಇದು ಕಾಣುತ್ತದೆ. ಬಿಗಿದ ಪದರ ಮೊದಲಿನಂತೆ ಸಡಿಲವಾಗುವುದು ಬಹಳ ಕಷ್ಟ.

ತಂಬಾಕು ಬಿಡಿಸಲೆಂದೇ ಒಂದು ಗಮ್ ಇದೆ. ಸ್ವೀಡನ್ನಿನಲ್ಲಿ ರೂಪುಗೊಂಡು 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲು ಮಾರಾಟಕ್ಕೆ ಬಂದ ನಿಕೋಟಿನ್ ಗಮ್ ಅದು. ಚಟಕ್ಕೆ ಬಿದ್ದ ದೊಡ್ಡವರಿಗೆ ಅದು ಔಷಧಿ. ಉಳಿದವರು ರುಚಿ ನೋಡುವ ಪದಾರ್ಥವಲ್ಲ.

ನಿಮ್ಮಲ್ಲಿ ಯಾರಾದರೂ ಆ ತೋರಣದ ಪಾಕೀಟನ್ನು ಆಗಲೇ ಹರಿದಿದ್ದರೆ, ಕನ್ನಡಿಯ ಮುಂದೆ ನಿಂತು ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಕೈಯ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸದಿದ್ದರೆ, ಮನೆಯವರಿಗೆ ಹೇಳಲು ಹೆದರಿಕೆಯಾದರೂ ಸರಿ, ಈ ವಾರವೇ ಹಲ್ಲಿನ ಡಾಕ್ಟರರಿಗೆ ತೋರಿಸಿ.